ಹೊಲಿಗೆ ಬಿಚ್ಚಿಸಿದ ದಿನ

ಹೈದರಾಬಾದಿನ ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಡಾಕ್ಟರು ಹೇಳಿದ್ದು ಬಹಳ ಸಲೀಸಾಗಿ ಕೇಳಿಸಿತ್ತು. ಹೊಲಿಗೆ ಬಿಚ್ಚಿಸಲಿಕ್ಕೆ ಇಷ್ಟು ದೂರ ಬರಬೇಡಿ, ನಿಮ್ಮ ಊರಲ್ಲೇ ಯಾರಾದರೂ ಬಿಚ್ಚುತ್ತಾರೆ ಎಂದಿದ್ದರು. ಆ ಯಾರಾದರೂ ಕಮಲಾಪುರದಲ್ಲಿ ಸಿಗಲಿಲ್ಲ.

ರಮಾಬಾಯಿ ತನ್ನ ಒಂದು ಕಿಡ್ನಿಯನ್ನು ತಮ್ಮ ಆನಂದಕುಮಾರನಿಗೆ ಕೊಟ್ಟು ಮನೆಗೆ ಬಂದಿದ್ದಳು. ಹೊಲಿಗೆ ಬಿಚ್ಚುವ ದಿನ ಬಂದಾಗ ಗಂಡ ಮಾಪಣ್ಣ ಅವಳನ್ನು ಊರಿನ ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರು ರಜೆಯ ಮೇಲಿದ್ದರು. ನರ್ಸ್ ಪಟ್ಟಿ ಎತ್ತಿ ನೋಡಿ, ಮೆಲ್ಲಗೆ ಮತ್ತೆ ಮುಚ್ಚಿದಳು.

"ದೊಡ್ಡ ಆಪರೇಷನ್ ಅದ ರೀ ಇದು. ಒಂದು ಹೊಲಿಗಿ ಸುತ್ತ ಕೆಂಪಾಗ್ಯಾದ. ಡಾಕ್ಟರ್ ಇಲ್ಲದ ನಾ ಮುಟ್ಟಿದ್ರ ತಪ್ಪಾಗ್ತದ. ಕಲಬುರಗಿಗೆ ಹೋಗಿಬಿಡ್ರಿ."

ಬಸ್ ನಿಲ್ದಾಣದ ಬದಿಯ ಖಾಸಗಿ ಡಾಕ್ಟರು ಕಿಡ್ನಿ ಅನ್ನುವ ಮಾತು ಕೇಳಿ ಕುರ್ಚಿ ಬಿಟ್ಟು ಏಳಲೇ ಇಲ್ಲ. "ಎಲ್ಲಿ ಕೊಯ್ದಾರೋ ಅಲ್ಲೇ ತೋರಸ್ರಿ," ಎಂದರು.

ಮರುದಿನ ಬೆಳಿಗ್ಗೆ ಇಬ್ಬರೂ ಕಲಬುರಗಿಯ ಬಸ್ಸು ಹತ್ತಿದರು. ರಮಾಬಾಯಿ ಕಿಟಕಿಯ ಪಕ್ಕ ಕೂತಳು. ಅವರ ನಡುವೆ ಮಾತು ಕಡಿಮೆಯಾಗಿ ಬಹಳ ದಿನವಾಗಿತ್ತು. ತಮ್ಮನ ಹೆಂಡತಿಯ ರಕ್ತ ಹೊಂದಲಿಲ್ಲ, ನನ್ನದು ಹೊಂದುತ್ತದೆ, ನಾನು ಕೊಡುತ್ತೇನೆ ಎಂದು ಒಂದು ಸಂಜೆ ರಮಾಬಾಯಿ ರೊಟ್ಟಿ ಬಡಿಯುತ್ತಲೇ ಹೇಳಿದ್ದಳು. ಹೇಳಿದ್ದಳು, ಕೇಳಿರಲಿಲ್ಲ. ಮಾಪಣ್ಣನಿಗೆ ಚುಚ್ಚಿದ್ದು ಅದೇ. ಹತ್ತು ಜನರ ಮುಂದೆ ಒಲ್ಲೆ ಅನ್ನಲಾಗದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ಆಮೇಲೆ ಅವಳ ಗಾಯದ ಕಡೆ ತಿರುಗಿಯೂ ನೋಡಲಿಲ್ಲ. ಪಕ್ಕದ ಮನೆಯ ಶೇವಂತಾ ಪಟ್ಟಿ ಬದಲಿಸಲು ಬಂದಳೆಂದರೆ ಅವನು ಚಪ್ಪಲಿ ಮೆಟ್ಟಿ ಹೊರಗೆ ನಡೆಯುತ್ತಿದ್ದ.

ಕಲಬುರಗಿಯ ಆಸ್ಪತ್ರೆಯಲ್ಲಿ ಸರದಿ ಉದ್ದವಿತ್ತು. ಅವರ ಪಾಳಿ ಬಂದಾಗ ಉಜೈರ್ ಎಂಬ ಡಾಕ್ಟರು ಹೈದರಾಬಾದಿನ ಕಾಗದ ಓದಿ ತಲೆ ಎತ್ತಿದರು.

"ಯಾರಿಗೆ ಕೊಟ್ಟೀರಿ ಅವ್ವಾ?"

"ತಮ್ಮಗ ರೀ."

"ಹ್ಯಾಂಗಿದ್ದಾರ ಅವರು?"

"ಆರಾಮ ಇದ್ದಾನ್ರೀ. ಇಲ್ಲೇ ಕೋಟನೂರದಾಗ ಇರ್ತಾನ."

ರಮಾಬಾಯಿ ಮಗ್ಗುಲಾಗಿ ಮಲಗಿದಳು. ಡಾಕ್ಟರು ಕೈಗವಸು ಹಾಕಿಕೊಳ್ಳುತ್ತ ಮಾಪಣ್ಣನನ್ನು ಕರೆದರು. "ನೀವು ಈ ಕಡಿ ಬರ್ರಿ. ಅವರ ಕೈ ಮ್ಯಾಲೆ ಹಿಡೀರಿ, ಅಡ್ಡ ಬರ್ತದ."

ಮಾಪಣ್ಣ ಕೈ ಹಿಡಿದುಕೊಂಡು ನಿಂತ. ಪಟ್ಟಿ ತೆಗೆದರು. ಕಣ್ಣು ಬೇರೆ ಕಡೆ ಹೊರಳಿಸಲು ಅವನಿಗೆ ಜಾಗವೇ ಇರಲಿಲ್ಲ. ಗಾಯ ಒಂದು ಬೆರಳುದ್ದ ಇದ್ದೀತು ಎಂದುಕೊಂಡಿದ್ದ. ಬೆನ್ನಿನ ಮಗ್ಗುಲಿನಿಂದ ಪಕ್ಕೆಲುಬಿನ ಕೆಳಗೆ ಹಾದು ಹೊಟ್ಟೆಯವರೆಗೆ ಗಾಯ ಬಂದಿತ್ತು. ಕಪ್ಪು ದಾರದ ಗಂಟುಗಳು ಸಾಲಾಗಿ ಕೂತಿದ್ದವು. ಈ ಮೈಯಲ್ಲೇ ಅವಳು ಇಷ್ಟು ದಿನ ಎದ್ದು, ಕೂತು, ಅವನಿಗೆ ಊಟದ ತಾಟು ಹಾಕಿದ್ದಳು.

"ಮನ್ಯಾಗ ಗಾಯ ಯಾರು ನೋಡತಿದ್ರಿ? ನೀವೇ ಏನು?" ಡಾಕ್ಟರು ಅವನನ್ನೇ ಕೇಳಿದರು. "ಈ ಕೆಂಪಾದ ಕಡಿ ಕೀವು ಏನರೇ ಬಂದಿತ್ತೇನು?"

ಮಾಪಣ್ಣ ಗಾಯವನ್ನೇ ನೋಡಿದ. ಅವನಿಗೆ ಏನೂ ಗೊತ್ತಿರಲಿಲ್ಲ.

"ಅವರೇ ನೋಡತಿದ್ರು ರೀ," ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ರಮಾಬಾಯಿ ಹೇಳಿದಳು. "ಕೀವು ಬಂದಿಲ್ರೀ. ನಿನ್ನೆಯಿಂದ ಬರೇ ಕೆಂಪಾಗ್ಯಾದ."

ಡಾಕ್ಟರು ಒಂದೊಂದೇ ಗಂಟು ಎತ್ತಿ, ಕತ್ತರಿಸಿ, ಎಳೆಯತೊಡಗಿದರು. ಕೆಂಪಾದ ಕಡೆ ದಾರ ಒಳಗೆ ಅಂಟಿಕೊಂಡಿತ್ತು. ರಮಾಬಾಯಿ ಗಂಡನ ಬೆರಳು ಹಿಂಡಿದಳು, ಸದ್ದು ಮಾಡಲಿಲ್ಲ. ಮಾಪಣ್ಣನೇ "ಸಾವಕಾಶ ರೀ ಸಾಹೇಬ್ರ," ಅಂದುಬಿಟ್ಟ. ಕೊನೆಗೆ ಅಲ್ಲಿ ಒಂದು ಸಣ್ಣ ಪಟ್ಟಿ ಹಚ್ಚಿ, ಮುಲಾಮು ಬರೆದುಕೊಟ್ಟು, ಇನ್ನೂ ಕೆಲವು ತಿಂಗಳು ಕೊಡ ಎತ್ತಬಾರದು, ಭಾರ ಹೊರಬಾರದು ಎಂದು ಡಾಕ್ಟರು ಕಳಿಸಿದರು.

ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಅವಳನ್ನು ಕೂಡಿಸಿ ಮಾಪಣ್ಣ ಚಹಾ ತಂದ.

"ಒಳಗ ಯಾಕ ಸುಳ್ಳು ಹೇಳಿದಿ?"

"ಮಂದಿ ಮುಂದ ಮತ್ತೇನ್ ಹೇಳ್ಲಿ? ನಮ್ಮವ್ರು ನೋಡಂಗಿಲ್ಲ ಅಂತ ಹೇಳ್ಲೇನು?"

ಅವನು ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟ. ಮಾತು ತಾನಾಗಿಯೇ ಬಂತು. "ಆವತ್ತು ಹೈದರಾಬಾದಿನಾಗ ಇಬ್ಬರ್ನೂ ಬ್ಯಾರೆ ಬ್ಯಾರೆ ಕದದಿಂದ ಒಳಗ ಒಯ್ದ್ರು. ಬೀಗರು, ಗೆಳ್ಯಾರು, ಎಲ್ಲಾರೂ ನಿನ್ನ ತಮ್ಮನ ಕದದ ಮುಂದ ನಿಂತ್ರು. ನಿನ್ನ ಕದದ ಮುಂದ ನಾ ಒಬ್ಬಾವನೇ. ಒಳಗಿಂದ ಯಾರು ಹೊರಗ ಬಂದ್ರೂ ಎದಿ ಧಸಕ್ ಅಂತಿತ್ತು. ಆ ಅಂಜಿಕಿ ನನಗ ಇನ್ನೂ ಹೋಗಿಲ್ಲ. ಆ ಗಾಯ ನೋಡಿದ್ರ ಎಲ್ಲಾ ಮತ್ತ ಕಣ್ಣ ಮುಂದ ಬರ್ತದ ಅಂತ ನೋಡ್ಲಿಲ್ಲ."

ರಮಾಬಾಯಿ ಅವನ ಕಡೆ ತಿರುಗಿದಳು. ಅವನ ಸಿಟ್ಟು ಎಂದುಕೊಂಡಿದ್ದನ್ನು ಅವಳು ಈಗ ಅಂಜಿಕೆ ಎಂದು ಕರೆಯಬೇಕಾಗಿತ್ತು.

"ನಂದೂ ತಪ್ಪದ ರೀ. ನಿಮ್ಮನ್ನ ಕೇಳಬೇಕಿತ್ತು. ಕೇಳಿದ್ರ ಬ್ಯಾಡ ಅಂತೀರಿ ಅಂತ ಅಂಜಿದೆ."

"ಬ್ಯಾಡ ಅಂತಿದ್ದೆ," ಮಾಪಣ್ಣ ನೇರವಾಗಿ ಹೇಳಿದ. "ಖರೇನೇ ಅಂತಿದ್ದೆ. ಆದರೂ ಕೇಳಬೇಕಿತ್ತು ನೀ."

"ಹೂಂ," ಎಂದಳು ಅವಳು.

ಖಾಲಿ ಕಪ್ಪು ಎಸೆದು ಬಂದ ಮಾಪಣ್ಣ ತಾನೇ ಆಟೋ ನಿಲ್ಲಿಸಿ ಕೋಟನೂರಕ್ಕೆ ಹೋಗಬೇಕೆಂದ. ರಮಾಬಾಯಿ ಆಟೋ ಹತ್ತಿದಳು.

ಆನಂದಕುಮಾರ ಮಾಸ್ಕ್ ಹಾಕಿಕೊಂಡು ಬಾಗಿಲಿಗೆ ಬಂದ. ಸೋಂಕಿನ ಭಯಕ್ಕೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ, ಅಂಗಳದಲ್ಲೇ ಎರಡು ಕುರ್ಚಿ ಹಾಕಿಸಿದ.

"ಹೊಲಿಗಿ ಬಿಚ್ಚಿದ್ರೇನಕ್ಕಾ? ಒಂದು ಫೋನ್ ಮಾಡಿದ್ರ ಯಾರನ್ನರೇ ಕಳಸ್ತಿದ್ದೆ. ನನ್ನ ಸಲುವಾಗಿ ನಿನಗ..." ಮಾಪಣ್ಣನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಮಾಪಣ್ಣ ಕುರ್ಚಿಯಲ್ಲಿ ಕೂತ. ಬಾಯಿಗೆ ಬಂದದ್ದನ್ನೇ ಕೇಳಿದ.

"ಉಚ್ಚಿ ಛಂದ ಹೊಂಟದೇನಪಾ?"

ಆನಂದಕುಮಾರ ಒಂದು ಗಳಿಗೆ ಬೆಪ್ಪಾದ. "ಹೂಂ ಮಾಮಾ. ಭಾಳ ಛಂದ ಹೊಂಟದ."

"ಹೋಗ್ಲೇಬೇಕು. ನಮ್ಮನಿ ಮಾಲು ಅದು, ಹಾದಿ ತಪ್ಪಂಗಿಲ್ಲ."

ರಮಾಬಾಯಿಗೆ ತಡೆಯಲಾಗಲಿಲ್ಲ. "ನಗಸಬ್ಯಾಡ್ರೀ, ನೋಯ್ತದ," ಎನ್ನುತ್ತಲೇ ನಕ್ಕಳು. ಮಾಸ್ಕಿನ ಹಿಂದೆ ಆನಂದಕುಮಾರನೂ ನಗುತ್ತಿದ್ದ, ಅವನ ಕಣ್ಣುಗಳು ಒದ್ದೆಯಾಗಿದ್ದವು. ಒಳಗಿನಿಂದ ಅವನ ಹೆಂಡತಿ ಬಂದು ಅಡುಗೆ ಆಗಿದೆ, ಉಂಡೇ ಹೋಗಬೇಕು ಎಂದು ಒತ್ತಾಯ ಮಾಡಿದಳು.

ಮಾಪಣ್ಣ ಹೆಂಡತಿಯ ಕಡೆ ನೋಡಿದ. "ಏನ್ ಮಾಡೋಣು?"

"ಉಣ್ಣೋಣು ರೀ," ಎಂದಳು ರಮಾಬಾಯಿ.