ಕೌಂಟರಿನ ಸ್ಟೂಲು

ತಂಗಿಯ ಕೆಲಸದ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದೆ. ನನ್ನ ಫೋನು ಟಣ್ ಎಂದಿತು. ಅದರ ಹಿಂದೆಯೇ ಆಚೆ ಕೋಣೆಯಿಂದ ಇವರ ದನಿ.

"ಬಂತಾ? ಹೇಳು."

ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಬಂದಿದ್ದ ಒಟಿಪಿಯ ಆರು ಅಂಕಿಗಳನ್ನು ಒಂದೊಂದಾಗಿ ಕೂಗಿ ಹೇಳಿದೆ. ಷೇರು ವ್ಯವಹಾರದಲ್ಲಿ ನನ್ನ ಕೆಲಸ ಅಷ್ಟೇ. ಸಂಬಳವಿಲ್ಲದ ಹೆಂಡತಿಯ ಹೆಸರಿನಲ್ಲಿದ್ದರೆ ತೆರಿಗೆ ಉಳಿಯುತ್ತದಂತೆ. ಹಾಗಾಗಿ ಖಾತೆ ನನ್ನದು. ಏನು ಕೊಳ್ಳಬೇಕು, ಯಾವಾಗ ಮಾರಬೇಕು ಎನ್ನುವುದೆಲ್ಲ ಇವರದು. ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ, ನಾನು ಅದರ ತಿರುವುಮುರುವು. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಇವರು ಆಗ ಕೊಂಡದ್ದು ಒಂದು ದೊಡ್ಡ ಅಂಗಡಿಗಳ ಕಂಪನಿಯ ಷೇರು. ಊರೂರಲ್ಲೂ ಅದರ ಅಂಗಡಿ. ಕೆಳಗೆ ದಿನಸಿ, ಬಟ್ಟೆ, ಮೇಲಿನ ಮಹಡಿಯಲ್ಲಿ ಹೋಟೆಲು. ಮೊದಲೇ ಇದ್ದದ್ದಕ್ಕೆ ಇನ್ನಷ್ಟು ಸೇರಿಸಿದರು. ನಾನು ಇಸ್ತ್ರಿ ಮಾಡುತ್ತಿದ್ದ ಅಂಗಿಯ ಜೇಬಿನ ಮೇಲೂ ಅದೇ ಕಂಪನಿಯ ಗುರುತು.

ತಂಗಿ ಅಲ್ಲಿ ಬಿಲ್ ಕೌಂಟರಿನಲ್ಲಿದ್ದಾಳೆ. ಗಂಡ ಬಿಟ್ಟುಹೋದ ಮೇಲೆ ನಮ್ಮಲ್ಲೇ ಇರುವುದು. ಈಗ ನೆಲದ ಮೇಲೆ ಅಂಗಾತ ಮಲಗಿ, ಎರಡೂ ಕಾಲುಗಳನ್ನು ಗೋಡೆಗೆ ಆನಿಸಿ ಮೇಲೆತ್ತಿಕೊಂಡಿದ್ದಳು. ಮೊಣಕಾಲಿನ ಹಿಂದೆ ನರಗಳು ನೀಲಿಗಟ್ಟಿ, ಒದ್ದೆ ಹಗ್ಗದ ಗಂಟಿನಂತೆ ಉಬ್ಬಿದ್ದವು. ಬೇಸಗೆಗೆ ಮುಂಚೆ ಕೌಂಟರುಗಳ ಸ್ಟೂಲುಗಳನ್ನೆಲ್ಲ ಎತ್ತಿಸಿದ್ದರು. ನಿಂತವರ ಕೈ ಬೇಗ ಓಡುತ್ತದಂತೆ. ನಡುನಡುವೆ ಕೂರದಿದ್ದರೆ ಆಪರೇಷನ್ನೇ ಗತಿ ಎಂದು ಡಾಕ್ಟರು ಹೇಳಿದ್ದರು. ಅವಳು ಹೋಗಿ ಸೂಪರ್‌ವೈಸರನ್ನು ಕೇಳಿದಳು. ತನ್ನ ಕೈಯಲ್ಲಿಲ್ಲ ಎಂದನಂತೆ ಆತ. ಹಾಗಾದರೆ ಮಾಲೀಕರನ್ನೇ ಕೇಳುತ್ತೇನೆ ಎಂದಿದ್ದಕ್ಕೆ ನಕ್ಕನಂತೆ.

"ಮಾಲೀಕರು ಅಂದ್ರೆ ಯಾರಮ್ಮ? ಷೇರುದಾರರು. ಅವರು ಲಾಭ ಕೇಳ್ತಾರೆ, ಸ್ಟೂಲು ಕೇಳಲ್ಲ."

ಅವಳು ಬಂದು ಇದನ್ನು ಹೇಳಿದ ದಿನದಿಂದ ನನಗೆ ಆ ಜೇಬಿನ ಗುರುತು ಕಂಡರೆ ಮೈ ಉರಿಯುತ್ತದೆ.

ಇವರು ತಮ್ಮನಿಗೆ ಫೋನಿನಲ್ಲಿ ಎಲ್ಲ ವಿವರಿಸಿ ಮುಗಿಸಿ, ಅರಳಿದ ಮುಖದಲ್ಲಿ ಒಳಗೆ ಬಂದರು. ತಂಗಿ ಗಡಬಡಿಸಿ ಕಾಲು ಇಳಿಸಿ, ಬಟ್ಟೆ ಸರಿಮಾಡಿಕೊಂಡು ಕೂತಳು. ಒಂದೇ ಒಂದು ಹೊಸ ಅಂಗಡಿ ತೆರೆಯದೆ ಲಾಭ ಹೆಚ್ಚಿಸಿದ್ದಾರೆ, ಕೌಂಟರಿನ ವೇಗವೇ ಗುಟ್ಟು ಎಂದು ಇವರು ಹೊಗಳಿದ್ದೇ ಹೊಗಳಿದ್ದು.

"ಸ್ಟೂಲು ತೆಗೆದರಲ್ಲ ಭಾವ, ಅದಕ್ಕೆ," ಅಂದಳು ತಂಗಿ ಮೆಲ್ಲಗೆ.

"ನೋಡಿದ್ಯಾ, ನೀನು ನಿಂತೆ, ನಮ್ಮ ಷೇರು ಎದ್ದಿತು. ನಿನ್ನ ಕಾಲಿಗೊಂದು ನಮಸ್ಕಾರ."

ಅವಳು ನಕ್ಕಳು. ಇನ್ನೊಬ್ಬರ ಮನೆಯಲ್ಲಿ ಇರುವವಳು ಬಾಡಿಗೆಗೆ ಬದಲಾಗಿ ಕೊಡುವ ನಗು ಅದು. ಇವರ ಮಾತಿಗಿಂತ ಆ ನಗುವೇ ನನ್ನನ್ನು ಚುಚ್ಚಿತು.

"ಅವಳ ಕಾಲು ಒಂದ್ಸಲ ನೋಡಿದೀರಾ?" ಎಂದೆ.

"ಔಷಧಿಗೆ ಬೇಕಿದ್ರೆ ಕೇಳು, ನಾನು ಕೊಡಲ್ಲ ಅಂದ್ನಾ? ಕಂಪನಿ ನಡೆಸೋರಿಗೆ ನಾವು ಬುದ್ಧಿ ಹೇಳೋಕಾಗುತ್ತಾ?"

ಕೊಡುತ್ತಾರೆ, ಸುಳ್ಳಲ್ಲ. ಕಾಲು ಕೆಡಿಸುವ ಲಾಭವೂ ನಮ್ಮದೇ, ಮುಲಾಮಿನ ಪುಣ್ಯವೂ ನಮ್ಮದೇ. ಇವರು ಟೀವಿಯ ಮುಂದೆ ಹೋಗಿ ಕೂತರು. ತಂಗಿ ಸ್ನಾನಕ್ಕೆ ಎದ್ದಳು, ಗೋಡೆ ಹಿಡಿದುಕೊಂಡು.

ಬೆಳಗ್ಗೆ ಬಂದ ಸಂದೇಶವೊಂದು ಫೋನಿನಲ್ಲಿತ್ತು. ಕಂಪನಿಯ ವಾರ್ಷಿಕ ಸಭೆ. ಇಂಥವು ಪ್ರತಿವರ್ಷ ಬರುತ್ತವೆ. ಕಸ, ಅಳಿಸಿಬಿಡು ಎಂದು ಇವರು ಹೇಳಿಕೊಟ್ಟಿದ್ದರು, ಅಳಿಸುತ್ತಲೂ ಬಂದಿದ್ದೆ. ಈಗ ತೆರೆದು ಕೊನೆಯವರೆಗೂ ಓದಿದೆ. 'ಮಾನ್ಯ ಷೇರುದಾರರೇ' ಎಂದಿತ್ತು. ಮಾನ್ಯ ಎಂದು ನನ್ನನ್ನು ಯಾರೂ ಕರೆದ ನೆನಪಿಲ್ಲ. ಸಭೆ ಫೋನಿನಲ್ಲೇ ನಡೆಯುತ್ತದೆ, ಪ್ರಶ್ನೆ ಕೇಳಬಯಸುವವರು ಹೆಸರು ನೋಂದಾಯಿಸಬಹುದು.

ತಂಗಿಯ ಹೆಸರು ಎತ್ತಕೂಡದು, ಅವಳ ಕೆಲಸಕ್ಕೇ ಕುತ್ತು. ಎತ್ತುವ ಅಗತ್ಯವಾದರೂ ಏನು? ಮಾಲೀಕಳು ನಾನು. ನಮ್ಮ ಅಂಗಡಿಯ ಸ್ಟೂಲುಗಳು ಎಲ್ಲಿ ಹೋದವು ಎಂದು ಕೇಳಿದರಾಯಿತು. ಸಭೆಯ ಹೊತ್ತಿಗೆ ಇವರು ಆಫೀಸಿನಲ್ಲಿರುತ್ತಾರೆ.

ಹೆಸರು ತುಂಬಿ ಒತ್ತಿದೆ. ಫೋನು ಟಣ್ ಎಂದಿತು.

"ಏನದು, ನಂಬರಾ?" ಇವರು ಟೀವಿಯ ಮುಂದಿನಿಂದ ಕೇಳಿದರು.

"ಅಲ್ಲ, ಏನೋ ಕಸ," ಎಂದೆ. ಆರು ಅಂಕಿಗಳನ್ನು ಸದ್ದಿಲ್ಲದೆ ನಾನೇ ಒತ್ತಿ, ಕಾಲರಿನ ಇನ್ನೊಂದು ಬದಿಯನ್ನು ಹಲಗೆಯ ಮೇಲೆ ಹರವಿದೆ.