ಪುಟ್ಟತಾಯಮ್ಮನ ಮುಖ ಕೆರೆದ ಚಾಕು

ನಾನು ಬಣ್ಣ ಕೆರೆಯುವ ಚಾಕು. ಚಾಕು ಎಂದ ಮಾತ್ರಕ್ಕೆ ಹೆದರಬೇಡಿ, ನನ್ನಿಂದ ಒಂದು ಬದನೆಕಾಯಿಯನ್ನೂ ಹೆಚ್ಚಲಾಗದು. ಕಾರ್ಖಾನೆಯಲ್ಲಿ ಉಕ್ಕಿನ ತಗಡನ್ನು ತೆಳ್ಳಗೆ ಮಾಡಿ, ಮರದ ಹಿಡಿ ತೊಡಿಸಿ, ಬಳುಕುತ್ತೇನೆಯೇ ಎಂದು ಬಗ್ಗಿಸಿ ನೋಡಿ ಕಳಿಸಿದರು. ಮೊದಲು ಕೊಂಡವರು ಮೈಸೂರಿನ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಪುಣ್ಯಾತ್ಮ ನನ್ನಿಂದ ಬ್ರೆಡ್ಡಿಗೆ ಜಾಮ್ ಸವರಿಕೊಂಡು ತಿಂದದ್ದೇ ಹೆಚ್ಚು. ನಿವೃತ್ತರಾದಾಗ ಶಿಷ್ಯೆ ನಳಿನಾಕ್ಷಿಗೆ ಕೊಟ್ಟರು.

ನಳಿನಾಕ್ಷಿಯ ಸ್ಟುಡಿಯೊ ಎಂದರೆ ಮನೆಯ ಪಕ್ಕದ ಕಾರ್ ಶೆಡ್ಡು. ಅಲ್ಲಿ ಅವಳು ಬರೆಯುತ್ತಿದ್ದದ್ದು ಒಂದೇ ಚಿತ್ರ, ತಾಯಿ ಪುಟ್ಟತಾಯಮ್ಮನದು. ಹಗಲೆಲ್ಲ ಎಣ್ಣೆಬಣ್ಣದಲ್ಲಿ ಮುಖ ಬರೆಯುವಳು; ಸಂಜೆ "ಸುಳ್ಳು, ಎಲ್ಲಾ ಸುಳ್ಳು" ಎನ್ನುತ್ತ ನನ್ನಿಂದ ಕೆರೆದುಹಾಕುವಳು. ಉಳಿದ ಬಣ್ಣದ ಕಲೆಯ ಮೇಲೆ ಮಾರನೆಯ ದಿನ ಮತ್ತೆ ಮುಖ. ಅದೇ ಅವಳ ಪದ್ಧತಿ. ನನಗೋ ಹಬ್ಬ. ಹಸಿ ಬಣ್ಣ ಮೂಗಿನ ಸಮೇತ ಎದ್ದು ಬರುವ ಸುಖ ನಿಮಗೇನು ಗೊತ್ತು.

ಮುದುಕಿಗೆ ಇದ್ದದ್ದು ಒಂದೇ ಆಸೆ: ಮಗಳು ಬರೆದ ತನ್ನ ಮುಖವನ್ನು ಒಮ್ಮೆ ನೋಡಬೇಕು. ಆದರೆ ಚಿತ್ರ ಮುಗಿಯುವ ತನಕ, ಅದಕ್ಕಾಗಿ ಎದುರು ಕುರ್ಚಿಯಲ್ಲಿ ಕೂತವರಿಗೆ ತೋರಿಸುವಂತಿಲ್ಲ ಎಂಬುದು ಆ ಶೆಡ್ಡಿನ ಕಟ್ಟಳೆ.

"ಕೆರೆಯೋಕ್ ಮುಂಚೆ ಒಂದ್ಸಲ ತೋರ್ಸೆ. ನಾನೇನು ತಪ್ಪು ಹುಡುಕ್ತೀನಾ?"

"ಇನ್ನೂ ಬಂದಿಲ್ಲಮ್ಮ. ನೀನು ಅಲ್ಲಾಡ್ದೇ ಕೂತ್ರೆ ತಾನೆ ಬರೋದು."

"ಸೊಂಟ ನೋಯುತ್ತೆ ಕಣೇ."

"ನೋಯ್ಲಿ. ಮುಖದಲ್ಲಿ ಚೆನ್ನಾಗ್ ಕಾಣ್ಸುತ್ತೆ."

ಒಮ್ಮೆ ಮಗಳು ಕಾಫಿ ತರಲು ಹೋದಾಗ ಮುದುಕಿ ಕುರ್ಚಿಯ ಕೈ ಹಿಡಿದು ಎದ್ದಳು. ಎರಡು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಮಂಡಿ ಕೇಳಲಿಲ್ಲ. ಚಪ್ಪಲಿಯ ಸದ್ದಾಗುತ್ತಲೇ, ಏನೂ ಗೊತ್ತಿಲ್ಲದವಳ ಹಾಗೆ ಕೂತುಬಿಟ್ಟಳು.

ಆಮೇಲೆ ಆ ದಿನ ಬಂತು. ಅಲ್ಲಾಡಬೇಡ ಎಂದು ಬೆಳಗ್ಗೆಯಿಂದ ಒಂದು ಸಲವೂ ಹೇಳಬೇಕಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಳಿನಾಕ್ಷಿಗೆ ಏನೋ ಅನ್ನಿಸಿತು. ಹೋಗಿ ತಾಯಿಯ ಮಣಿಕಟ್ಟು ಹಿಡಿದು ನೋಡಿದಳು. ಮೂಗಿನ ಹತ್ತಿರ ಬೆರಳಿಟ್ಟಳು. ಈಗ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ ಮಹಾತಾಯಿ. ವಾಪಸ್ಸು ಬಂದು ಬ್ರಶ್ ಎತ್ತಿಕೊಂಡಳು, ಕಿಟಕಿಯ ಬೆಳಕು ಆರುವ ತನಕ ಬರೆದಳು. ಸಂಜೆ ನಾನು ಕಾದೇ ಕಾದೆ. ಕೈ ನನ್ನ ಕಡೆ ಬರಲಿಲ್ಲ. ಕ್ಯಾನ್ವಾಸನ್ನು ಕುರ್ಚಿಯ ಕಡೆಗೆ ತಿರುಗಿಸಿ ನಿಲ್ಲಿಸಿದಳು.

"ಬಂತು, ನೋಡಮ್ಮ," ಎಂದಳು.

ಬ್ರಶ್ಶುಗಳನ್ನೆಲ್ಲ ತೊಳೆದಿಟ್ಟ ಮೇಲೆಯೇ ಅಣ್ಣನಿಗೆ ಫೋನು ಮಾಡಿದ್ದು.

ಈಗ ಆ ಚಿತ್ರಕ್ಕೆ ಎಲ್ಲಿಲ್ಲದ ಹೆಸರು. ಪ್ರದರ್ಶನಕ್ಕೆ ಬಂದವರು "ಮುಖದಲ್ಲಿ ಎಂಥ ಜೀವಕಳೆ" ಎಂದು ಬಾಯಿ ತುಂಬ ಹೊಗಳುತ್ತಾರಂತೆ. ನಾನು ತುಕ್ಕು ಹಿಡಿದು ಶೆಡ್ಡಿನ ಡಬ್ಬದಲ್ಲಿ ಬಿದ್ದಿದ್ದೇನೆ, ಆ ಮಾತು ಕಿವಿಗೆ ಬಿದ್ದಾಗೆಲ್ಲ ಮೈ ಉರಿಯುತ್ತದೆ. ನಗುವ ಪುಟ್ಟತಾಯಮ್ಮ, ಸಿಡುಕುವ ಪುಟ್ಟತಾಯಮ್ಮ, ಕೂತಲ್ಲೇ ತೂಕಡಿಸುವ ಪುಟ್ಟತಾಯಮ್ಮ, ಎಲ್ಲರನ್ನೂ ಕೆರೆದು ಮಸಿಬಟ್ಟೆಗೆ ಒರೆಸಿಯಾಯಿತು. ಅವೆಲ್ಲ ಬದುಕಿದ್ದವಳ ಮುಖಗಳು. ಗೋಡೆಯ ಮೇಲೆ ಉಳಿದಿರುವುದು ಹೆಣದ್ದು.