ಕೃಷ್ಣಮ್ಮನ ದುಂಡು ಕೆನ್ನೆ

ಮುದುಕನಿಗೆ ಅರಳುಮರಳು ಅಂತ ನಗಬೇಡಿ. ನಿನ್ನೆಯ ಸಾರು ಮರೆತಿರಬಹುದು, ಎಂಬತ್ತೆರಡನೇ ಇಸವಿಯ ಪೀಣ್ಯ ಮರೆತಿಲ್ಲ. ಸುಮ್ಮನೆ ಕೇಳಿ.

ಅಲ್ಲೇ ಪಕ್ಕದ ರಾಜಗೋಪಾಲನಗರದ ಒಂದೇ ವಠಾರದಲ್ಲಿ ಇಬ್ಬರು ಓರಗಿತ್ತಿಯರಿದ್ದರು. ಹಿರಿಯಳು ಚಿಕ್ಕಮುನಿಯಮ್ಮ, ಕಿರಿಯಳು ಕೃಷ್ಣಮ್ಮ. ಕಡ್ಡಿಯಂತಿದ್ದ ಕೃಷ್ಣಮ್ಮನ ಕೆನ್ನೆ ಆ ವರ್ಷ ಪೂರಿಯಂತೆ ಉಬ್ಬಿತು. ಮಂಡಿನೋವೂ ಮಾಯ. ನಲ್ಲಿ ಹತ್ತಿರ ಎಲ್ಲರ ಬಾಯಲ್ಲೂ ಅವಳದೇ ಹೊಗಳಿಕೆ. ಚಿಕ್ಕಮುನಿಯಮ್ಮನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

"ಏನ್ ತಿಂತೀಯೇ, ಇಂಗೆ ದುಂಡಗಾಗಿದೀಯ?"

"ಮುದ್ದೆ ಕಣಕ್ಕ. ನೀನ್ ತಿನ್ನೋದೇ."

"ಆ ಮುದ್ದೆಗೆ ನನ್ ಕೆನ್ನೆ ದಾರಿ ಗೊತ್ತಿಲ್ವಾ?"

ಕೃಷ್ಣಮ್ಮ ನಕ್ಕು ಒಳಗೆ ಹೋದಳು. ಚಿಕ್ಕಮುನಿಯಮ್ಮ ಬಿಡುವವಳೇ? ಹೊಂಚು ಹಾಕಿ, ರಾಗಿ ಮಡಕೆಯ ಹಿಂದಿದ್ದ ಶಕ್ತಿಪುಡಿಯ ಡಬ್ಬಿ ಪತ್ತೆ ಮಾಡಿದಳು. ಪೀಣ್ಯದ ಫ್ಯಾಕ್ಟರಿ ಗೇಟಿನಲ್ಲಿ ಸೈಕಲ್ಲಿನವನೊಬ್ಬ ಮಾರುತ್ತಿದ್ದ ಪುಡಿ. ಒಂದು ಚಮಚ ತೆಗೆದುಕೊಂಡಿದ್ದರೆ ಸಾಕಿತ್ತು, ಹೊಟ್ಟೆಕಿಚ್ಚು ಬಿಡಬೇಕಲ್ಲ! ಕೃಷ್ಣಮ್ಮ ಬತ್ತಲಿ ಅಂತ ಡಬ್ಬಿಯನ್ನೇ ಎತ್ತಿದಳು.

ಪುಡಿ ತಪ್ಪಿದ ನಾಲ್ಕಾರು ದಿನದಲ್ಲೇ ಕೃಷ್ಣಮ್ಮ ವಾಂತಿ ಮಾಡಿಕೊಂಡು, ಎದ್ದು ನಿಲ್ಲಲಾಗದೆ ಕುಸಿದುಬಿದ್ದಳು. ಗಂಡ ದಾಸಪ್ಪ ಆಸ್ಪತ್ರೆಗೆ ಹೊತ್ತೊಯ್ದ. ಪುಡಿ ತಪ್ಪಿದ್ದಕ್ಕೇ ಹೀಗಾಯಿತೇನೋ ಎಂದು ಹೆದರಿದ ಚಿಕ್ಕಮುನಿಯಮ್ಮ ಡಬ್ಬಿಯನ್ನು ಸೆರಗಿನಡಿ ಅವಿತಿಟ್ಟುಕೊಂಡು ಹಿಂದೆಯೇ ಓಡಿದಳು.

"ಮಾತ್ರೆ, ಪುಡಿ ಏನಾದ್ರೂ ತಗೋತಿದ್ರಾ?" ಡಾಕ್ಟರ್ ಅನುಸೂಯಮ್ಮ ಕೇಳಿದರು.

"ಏನೂ ಇಲ್ಲ ಕಣಮ್ಮ," ಅಂದ ದಾಸಪ್ಪ.

ಬಾಯಿಬಿಟ್ಟರೆ ಮನೆಯಲ್ಲಿ ಕಳ್ಳಿ ಅನ್ನಿಸಿಕೊಳ್ಳಬೇಕು. ಬಿಡದಿದ್ದರೆ ಕೃಷ್ಣಮ್ಮ ಉಳಿಯುತ್ತಾಳೋ ಇಲ್ಲವೋ. ಚಿಕ್ಕಮುನಿಯಮ್ಮ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಇದ್ನ ತಿಂತಿದ್ಲು. ನಾನೇ ಕದ್ದೆ. ಇವಳ ಕೆನ್ನೆ ನೋಡಿ ತಡ್ಕೊಳ್ಳಕ್ಕಾಗ್ಲಿಲ್ಲ."

"ಕಳ್ಳತನದ ಪಂಚಾಯ್ತಿ ಆಮೇಲೆ ಮಾಡ್ಕೊಳ್ಳಿ. ಇದಕ್ಕೆ ಸ್ಟೀರಾಯ್ಡ್ ಬೆರೆಸಿರೋ ಹಾಗಿದೆ. ಕೆನ್ನೆಗೆ ಬಂದಿದ್ದು ಶಕ್ತಿ ಅಲ್ಲ, ಊತ. ದಿನಾ ತಿಂದು ಥಟ್ಟನೆ ಬಿಟ್ರೆ ಜೀವಕ್ಕೇ ಕುತ್ತು," ಅಂದವರೇ ಇಂಜೆಕ್ಷನ್ ಕೊಟ್ಟರು.

"ಬರೀ ಬೇರು-ನಾರು ಅಂದ್ನಲ್ಲ ಸೈಕಲ್ಲಿನವ್ನು! ಅದ್ಕೇ ನಾನ್ ಹೇಳ್ಲಿಲ್ಲ," ಅಂದ ದಾಸಪ್ಪ.

"ಬಾಯಲ್ಲಿ ಅಂದ. ಡಬ್ಬಿ ಮೇಲೆ ಒಂದಕ್ಷರ ಇದೆಯೇನಯ್ಯ?"

ದಾಸಪ್ಪ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ, ಒಂದಕ್ಷರವೂ ಇರಲಿಲ್ಲ. ಡಾಕ್ಟರ್ ಆ ಪುಡಿಯನ್ನು ಡ್ರಗ್ಸ್ ಇನ್‌ಸ್ಪೆಕ್ಟರಿಗೆ ಕಳಿಸಿದರು. ಪರೀಕ್ಷೆಯಲ್ಲಿ ಸ್ಟೀರಾಯ್ಡ್ ಸಿಕ್ಕಿತು, ಸೈಕಲ್ಲಿನವನೂ ಸಿಕ್ಕಿಬಿದ್ದ.

ಇತ್ತ ಕಣ್ಣು ಬಿಟ್ಟ ಕೃಷ್ಣಮ್ಮ ಡಬ್ಬಿಯ ಕಥೆ ಕೇಳಿ, "ಕೇಳಿದ್ರೆ ಕೊಡ್ತಿರ್ಲಿಲ್ವೇನಕ್ಕ?" ಅಂದಳು.

"ಕೊಡ್ತಿರ್ಲಿಲ್ಲ ಕಣೇ."

"ಹೂಂ. ಕೊಡ್ತಿರ್ಲಿಲ್ಲ."

ಇಬ್ಬರೂ ನಕ್ಕರು. ಆದರೂ ಕೃಷ್ಣಮ್ಮನನ್ನು ನೋಡಲು ಬಂದವರೆಲ್ಲ ಮೂಸಂಬಿ ತಂದಾಗ ಚಿಕ್ಕಮುನಿಯಮ್ಮನಿಗೆ ಮತ್ತೆ ಸ್ವಲ್ಪ ಉರಿಯಿತು!

ನೋಡಿ, ಯಾರ ಮೈ ಕಂಡೂ ಮರುಳಾಗಬೇಡಿ. ಶಕ್ತಿಪುಡಿಯೋ ಟಾನಿಕ್ಕೋ, ಯಾರು ಮಾಡಿದ್ದು, ಒಳಗೇನಿದೆ, ಲೈಸೆನ್ಸ್ ಇದೆಯಾ ಅಂತ ಓದಿ, ಬಿಲ್ಲು ಕೇಳಿ. ಬರೆದಿಲ್ಲವಾ? ಮುಟ್ಟಬೇಡಿ, ಅಧಿಕಾರಿಗಳಿಗೆ ದೂರು ಕೊಡಿ. ಈಗಾಗಲೇ ತಿನ್ನುತ್ತಿದ್ದರೆ ನೀವೇ ಥಟ್ಟನೆ ನಿಲ್ಲಿಸಬೇಡಿ, ಇವತ್ತೇ ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಿ. ಈ ಕಥೆಯನ್ನು ನಾಲ್ಕು ಜನಕ್ಕೆ ದಾಟಿಸಿ. ನಿಮಗೆ ಯಾರನ್ನು ಕಂಡರೆ ಹೊಟ್ಟೆ ಉರಿಯುತ್ತದೋ, ಅವರಿಗೇ ಮೊದಲು ಹೇಳಿ.